ನಾಲಿಗೆಯ ಮೇಲಿನ ರೀಡು

"ಒಂದು ಗುಟುಕು ಚಹಾನಾದ್ರೂ ಕುಡೀರಿ," ಎಂದು ಪಕ್ಕದ ಮನೆಯಾಕೆ ಲೋಟವನ್ನು ಅಜ್ಜಿಯ ತುಟಿಯವರೆಗೂ ತಂದಳು. ಅಜ್ಜಿ ತುಟಿ ಬಿಗಿದು ತಲೆಯಾಡಿಸಿದಳು.

"ಪಾಪ, ದುಃಖಕ್ಕೆ ಬಾಯೇ ಕಟ್ಟಿಹೋಗಿದೆ," ಎಂದು ಯಾರೋ ಅವಳ ಕಾಲಿಗೆ ಶಾಲು ಹೊದಿಸಿದರು.

ಕೋಣೆಯ ನಡುವೆ ಅಜ್ಜ ಮಲಗಿದ್ದ. ಅವನ ಸ್ಯಾಕ್ಸೋಫೋನನ್ನು ಮಗ ಬೆಳಗ್ಗೆಯೇ ಅಟ್ಟಕ್ಕೆ ಸೇರಿಸಿದ್ದ. ಮೊಮ್ಮಗಳು ಅದನ್ನು ಇಳಿಸಿ ತಂದು ಕೊರಳಿಗೆ ಹಾಕಿಕೊಂಡು ನಿಂತಿದ್ದಳು.

"ತೆಗೆದಿಡು ಅದನ್ನ. ಇದು ಸಾವಿನ ಮನೆ, ಹೋಟೆಲಲ್ಲ," ಎಂದ ಮಗ.

"ನಾನು ಹೊರಡೋವಾಗ ಊದು ಅಂತ ಅಜ್ಜ ಕೇಳಿದ್ದು ಇದೊಂದೇ, ಅಪ್ಪಾ."

"ನಾನೂ ಕೇಳಿದ್ದೆ, ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದ್ದಾಗ, ಒಂದು ದಿನ ಮನೇಲಿರು ಅಂತ. ಇದ್ನಾ? ಜಾಝ್ ಅಂತ ಕಂಡವರ ಮದುವೆಗೆಲ್ಲ ಊದಿದ. ನನ್ನ ಮನೇಲಿ ಇನ್ನು ಇದರ ಸದ್ದು ಬೇಡ."

"ಸದ್ದಿಲ್ಲದೆ ಅವನು ಹೇಗಪ್ಪಾ ಹೊರಡ್ತಾನೆ? ಅಭ್ಯಾಸವಿಲ್ಲ ಅವನಿಗೆ," ಎಂದ, ಅಜ್ಜನ ಜೊತೆ ಬೇಸ್ ಗಿಟಾರ್ ನುಡಿಸುತ್ತಿದ್ದ ಮುದುಕ.

*

ಕೊನೆಯ ವರ್ಷ ಔಷಧಿಗಳಿಂದ ಅಜ್ಜನ ಬಾಯಿ ಒಣಗಿಹೋಗಿತ್ತು. ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟುವ ರೀಡು, ಬೆತ್ತದಂಥ ತೆಳು ಚೂರು, ಒದ್ದೆಯಾಗದೆ ಸ್ವರ ಹುಟ್ಟುವುದಿಲ್ಲ. ಅಜ್ಜಿಯೇ ಅದನ್ನು ನಾಲಿಗೆಯ ಮೇಲಿಟ್ಟು ನೆನೆಸಿಕೊಡುತ್ತಿದ್ದಳು.

"ಇನ್ಮೇಲೆ ಅರ್ಧ ರಾಗ ನಿಂದೇ ಕಣೇ," ಎನ್ನುತ್ತಿದ್ದ.

"ಬರೀ ಅರ್ಧಾನಾ? ಅಪಸ್ವರ ಮಾತ್ರ ನಿಮ್ಮದು, ಮಿಕ್ಕಿದ್ದೆಲ್ಲ ನಂದು."

*

"ಊದೋಕಂತೂ ಆಗಲ್ಲ," ಎಂದ ಮಗ. "ರೀಡುಗಳನ್ನೆಲ್ಲ ಒಲೆಗೆ ಹಾಕಿದೀನಿ."

ಮೊಮ್ಮಗಳು ಸ್ಯಾಕ್ಸೋಫೋನಿನ ಬರಿದಾದ ಬಾಯಿಯನ್ನು ಬೆರಳಿಂದ ಸವರಿದಳು.

ಅಜ್ಜಿ ಕಾಲ ಮೇಲಿನ ಶಾಲನ್ನು ಮಡಿಸಿಟ್ಟು ಎದ್ದಳು. ಬಾಯಿ ತೆರೆದು, ನಾಲಿಗೆಯ ಮೇಲಿಂದ ರೀಡನ್ನು ತೆಗೆದು ಹುಡುಗಿಯ ಅಂಗೈಯಲ್ಲಿಟ್ಟಳು.

"ಒಂದು ನನ್ನ ಹತ್ರ ಇತ್ತು," ಎಂದಳು. ಬೆಳಗಿನಿಂದ ಅವಳಾಡಿದ ಮೊದಲ ಮಾತು. "ಬೆಚ್ಚಗಿದೆ, ಕಟ್ಕೋ."

"ಅಮ್ಮಾ, ಬೀದಿಯವರೆಲ್ಲ ನೋಡ್ತಿದಾರೆ!"

"ಹಾಗಾದ್ರೆ ಕಿಟಕಿ ಮುಚ್ಚು. ಒಳಗೆ ಇನ್ನೂ ಜೋರಾಗಿ ಕೇಳತ್ತೆ, ಅಷ್ಟೇ."

ಮಗ ದಾಪುಗಾಲು ಹಾಕಿ ಹೋಗಿ ಕಿಟಕಿಯನ್ನು ಧಡ್ಡನೆ ಮುಚ್ಚಿ, ಗಾಜಿಗೆ ಅಂಗೈ ಒತ್ತಿ, ಎಲ್ಲರಿಗೂ ಬೆನ್ನು ಮಾಡಿ ನಿಂತ. ಬೇಸಿನ ಮುದುಕ ಚಿಟಿಕೆ ಹಾಕಿ ತಾಳ ಕೊಟ್ಟ. ಹುಡುಗಿ ಊದಿದ ಮೊದಲ ಸ್ವರ ಕಿರ್ರೆಂದು ಸೀಳಿಹೋಯಿತು. ಎರಡನೆಯದು ಕೆಳಗಿಳಿದು, ದಪ್ಪಗೆ, ಕೋಣೆಯ ಮೂಲೆಮೂಲೆಗೂ ಹಬ್ಬಿತು.

ಮಗನ ಅಂಗೈಯಡಿ ಗಾಜು ಝುಂ ಎಂದು ನಡುಗತೊಡಗಿತು. ಅವನು ಕೈ ತೆಗೆಯಲಿಲ್ಲ.