ನುಂಗಿಹೋದ ಅಕಾರ

ನಮ್ಮಮ್ಮ ಕಂಪನಿಯೊಂದರ ಕೇಂದ್ರದಲ್ಲಿ ಕಿವಿಯಂತ್ರ ರಿಪೇರಿ ಮಾಡುತ್ತಾಳೆ. ಹತ್ತೊಂಬತ್ತು ವರ್ಷವಾಯಿತು. ಮೇಜಿನ ಮೇಲೆ ಭೂತಗನ್ನಡಿ, ಕೂದಲೆಳೆಯಂಥ ಬ್ರಷ್ಷು, ಊರವರ ಕಿವಿಯ ಕೊಳೆ. ಗಿರಾಕಿಗಳ ಬಾಯಲ್ಲಿ ಅವಳು ಕಿವಿಯಮ್ಮ. ಅದೇ ಕೇಂದ್ರದಲ್ಲಿ ಚೀಟಿ ಬರೆಯುವ ನನಗೂ ಅಲ್ಲಿ ಬೇರೆ ಹೆಸರಿಲ್ಲ; ನಾನು ಕಿವಿಯಮ್ಮನ ಮಗಳು.

ಒಂದು ಸೋಮವಾರ ಕಂಪನಿಯ ದೊಡ್ಡ ಕಚೇರಿಯಿಂದ ಕಾಗದ ಬಂತು. ಫೋನು ಮಾಡಿ ಗ್ರಾಹಕರ ಅನುಭವವನ್ನು ಅಳೆಯಲಾಗಿದೆಯಂತೆ. ಐದಕ್ಕೆ ಅಮ್ಮನಿಗೆ ಸಿಕ್ಕಿದ್ದು ಒಂದೂಕಾಲು. ತಿಂಗಳ ಕೊನೆಗೆ ಅವಳನ್ನು ರಿಪೇರಿ ಮೇಜಿನಿಂದ ಎಬ್ಬಿಸಿ ಗೋದಾಮಿಗೆ ಹಾಕುತ್ತಾರೆ, ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚಲು. ಅಮ್ಮ ಕಾಗದವನ್ನು ಎರಡು ಸಲ ಓದಿದಳು. ಅಳಲಿಲ್ಲ. ಕಡಿಮೆ ಅಂಕ ಕೊಟ್ಟವರ ಪಟ್ಟಿ ತರಿಸು ಅಂದಳು.

ಪಟ್ಟಿಯ ಮೊದಲ ಹೆಸರು ನಿವೃತ್ತ ಬಸ್ ಕಂಡಕ್ಟರರದು. ಯಂತ್ರ ಸರಿಹೋದ ದಿನ ಅಮ್ಮನ ಕೈಹಿಡಿದು ಕಣ್ಣೀರು ಹಾಕಿದ್ದ ಮುದುಕ. ನನಗೆ ಮೈಯೆಲ್ಲ ಉರಿಯಿತು. ಮರುದಿನ ಅವರು ಬ್ಯಾಟರಿಗೆ ಬಂದಾಗ, ಅಮ್ಮನಿಗೆ ಒಂದು ಕೊಟ್ಟಿರಾ ಎಂದು ಜಗಳಕ್ಕೇ ನಿಂತೆ.

“ಕೊಟ್ಟೆ. ಫೋನಲ್ಲಿ ಆ ಹುಡುಗಿ ತೃಪ್ತಿಯಿದ್ದರೆ ಒಂದು ಒತ್ತಿ ಅಂದ್ಳು. ಒತ್ತಿ ಇಟ್ಟೆ. ಆಮೇಲೆ ಅವಳು ಏನು ಗಿಳಿಪಾಠ ಒಪ್ಪಿಸಿದಳೋ ಯಾರಿಗೆ ಗೊತ್ತು.”

ಅಮ್ಮ ಭೂತಗನ್ನಡಿಯಿಂದ ತಲೆಯೆತ್ತಿದಳು. ಕಂಪನಿ ಗಿರಾಕಿಗಳಿಗೆ ಕೇಳಿಸುವ ಆ ಧ್ವನಿಮುದ್ರಣವನ್ನು ನನ್ನ ಫೋನಿನಲ್ಲಿ ಹಾಕಿಸಿದಳು. “ಸೇವೆ ಬಗ್ಗೆ ಅತೃಪ್ತಿ ಇದ್ದರೆ ಒಂದನ್ನು ಒತ್ತಿ” ಎಂದು ಶುರುವಾಗಿ, ಐದನ್ನು ಮುಟ್ಟುವ ಹೊತ್ತಿಗೆ ನಿಮಿಷ ಕಳೆದಿತ್ತು. ಅಮ್ಮನಿಗೆ ಅಷ್ಟು ಸಾಕಾಯಿತು. ಫೋನು ಹತ್ತಿರ ತಂದರೆ ಕಿವಿಯಂತ್ರ ಸಿಳ್ಳೆ ಹೊಡೆಯುತ್ತದೆ. ಅದಕ್ಕೇ ನಮ್ಮ ಗಿರಾಕಿಗಳು ಅದನ್ನು ಕಿತ್ತಿಟ್ಟೇ ಮಾತಾಡುವುದು. ಬರಿಗಿವಿಗೆ ಮೊದಲು ತಪ್ಪಿಹೋಗುವುದು ಇಂಥ ಮೆತ್ತಗಿನ ಅಕಾರ. ಕೇಳಿಸದವರಿಗೆ ಫೋನು ಮಾಡಿ ಅಭಿಪ್ರಾಯ ಕೇಳುವ ಬುದ್ಧಿ ಹುಟ್ಟಿದ್ದು, ಒಬ್ಬ ಗಿರಾಕಿಯ ಮುಖವನ್ನೂ ನೋಡದ ತಣ್ಣನೆಯ ಕೋಣೆಯಲ್ಲಿ. ಅದರ ದಂಡ ಕಟ್ಟಬೇಕಾದವಳು ನಮ್ಮಮ್ಮ.

ಶುಕ್ರವಾರ ಅಂಕಗಳನ್ನು ವಿವರಿಸಲು ದೊಡ್ಡ ಕಚೇರಿಯಿಂದ ಅಳತೆಯ ಅಧಿಕಾರಿ ಬಂದರು. ಬಣ್ಣಬಣ್ಣದ ನಕ್ಷೆಗಳನ್ನು ಗೋಡೆಗೆ ಹಚ್ಚಿದರು. ಅಂಕಿ ಸುಳ್ಳು ಹೇಳುವುದಿಲ್ಲವಮ್ಮ, ಎಂದರು. ಅಮ್ಮ ಅವರನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಎರಡೂ ಕಿವಿಗೆ ಹತ್ತಿ ತುರುಕಿ, ಕೈಗೆ ಪೆನ್ನು ಕೊಟ್ಟಳು. ದಿನವೂ ಗಿರಾಕಿಗಳಿಗೆ ಮಾಡುವಂತೆ ಹಿಂದೆ ನಿಂತು, ದನಿ ಏರಿಸದೆ ಒಂದೊಂದೇ ಪದ ಹೇಳಿದಳು. ಅವರು ಬರೆದರು. ಹತ್ತಿ ತೆಗೆದ ಮೇಲೆ ಅಮ್ಮನೇ ಹಾಳೆ ಓದಿದಳು.

“ನಾನಂದಿದ್ದು ಅತೃಪ್ತಿ, ಅಸತ್ಯ, ಅನ್ಯಾಯ. ನೀವು ಬರೆದದ್ದು ತೃಪ್ತಿ, ಸತ್ಯ, ನ್ಯಾಯ. ನಿಮ್ಮ ಕಿವಿ ಚೆನ್ನಾಗೇ ಇದೆ ಸಾರ್, ಬರೀ ಹತ್ತಿ ಇತ್ತು. ನಮ್ಮೋರಿಗೆ ಅದನ್ನ ತೆಗೆಯೋಕಾಗಲ್ಲ.”

ಗಿರಾಕಿಗಳ ಸಾಲಿನಲ್ಲಿ ಕೂತಿದ್ದ ಕಂಡಕ್ಟರರು ಏನಂದಳು, ಏನಂದಳು ಎಂದು ನನ್ನ ತೋಳು ಅಲುಗಾಡಿಸುತ್ತಿದ್ದರು.

ಅಧಿಕಾರಿ ಕೆಟ್ಟವರಲ್ಲ, ಒಪ್ಪಿಕೊಂಡರು. ಇನ್ನು ಮೇಲೆ ದಪ್ಪಕ್ಷರದ ಕಾರ್ಡು ಕೊಟ್ಟು, ಗಿರಾಕಿಯ ಎದುರೇ ಕೂತು ಕೇಳುವುದು ಎಂದಾಯಿತು. ಅದೇ ರಿಪೇರಿಗೆ ಎಷ್ಟು ಜನ ಮರಳಿ ಬಂದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದಳು ಅಮ್ಮ; ಅದನ್ನೂ ಬರೆದುಕೊಂಡರು. ನಿಮ್ಮ ಮೇಜು ನಿಮಗೇ, ಎಂದು ಬ್ಯಾಗು ಎತ್ತಿಕೊಂಡರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಹೋದ ವರ್ಷ ಇದೇ ಅಂಕದ ಮೇಲೆ ಇಬ್ಬರನ್ನ ಮನೆಗೆ ಕಳಿಸಿದ್ರಿ. ಅವರನ್ನ ವಾಪಸ್ ಕರೆಯೋ ಕಾಗದ?”

ಅದು ಮುಗಿದುಹೋದ ವಿಷಯ ಎಂದರು ಅಧಿಕಾರಿ. ನಿಮಗೆ ಮುಗಿದಿರಬಹುದು, ಎಂದಳು ಅಮ್ಮ. ಕಂಡಕ್ಟರರು ಎದ್ದು ಅವಳ ಪಕ್ಕ ನಿಂತರು, ಆಮೇಲೆ ನಾನು, ಆಮೇಲೆ ಸಾಲಿನಲ್ಲಿದ್ದವರೆಲ್ಲ. ಅಧಿಕಾರಿ ಕುಳಿತು ಎರಡು ಕಾಗದ ಬರೆದರು.

ಇಬ್ಬರಲ್ಲಿ ಒಬ್ಬಳು ಈಗ ಅಮ್ಮನ ಎದುರು ಮೇಜಿನಲ್ಲಿದ್ದಾಳೆ. ಇನ್ನೊಬ್ಬರು ಬೇರೆ ಕಡೆ ಕೆಲಸ ಹಿಡಿದಿದ್ದರು, ಬರಲಿಲ್ಲ. ತಪ್ಪು ನಮ್ಮದು ಎಂದು ಕಂಪನಿ ಒಪ್ಪಿದ ಆ ಕಾಗದವನ್ನು ಮಾತ್ರ ಇಸಿದುಕೊಂಡು ಹೋಗಿ, ಕಟ್ಟು ಹಾಕಿಸಿ, ಮಕ್ಕಳು ನೋಡುವಂತೆ ನಡುಮನೆಯ ಗೋಡೆಗೆ ತೂಗುಹಾಕಿದ್ದಾರಂತೆ.