ಗೋಧಿ, ನೆಲ, ನೋಡುಗ

ಇನ್ನೊಂದು ರೊಟ್ಟಿ ಕಿಟಕಿಯ ಕಟ್ಟೆ ಏರಿತು.

ಏರಿಸಿದವನು ಬೂದುಬಣ್ಣದ ಸೂಟಿನ ಮನುಷ್ಯ. ಕಿವಿಗೆ ಫೋನು ಒತ್ತಿಕೊಂಡು ಯಾರ ಜೊತೆಗೋ ಆಲಿವ್ ಎಣ್ಣೆಯ ಪೀಪಾಯಿಗಳ ವಿಚಾರ ಮಾತಾಡುತ್ತಲೇ ಒಳಗೆ ಬಂದ. ನೆಲದ ಮೇಲಿದ್ದ ರೊಟ್ಟಿಯನ್ನು ಕಂಡ, ಬಗ್ಗಿ ಎತ್ತಿದ, ತುಟಿಗೆ ಮುಟ್ಟಿಸಿ ಹಣೆಗೊತ್ತಿಕೊಂಡ, ಯಾರ ಕಾಲಿಗೂ ಸಿಗದ ಹಾಗೆ ಕಟ್ಟೆಯ ಮೇಲಿಟ್ಟು ಹೊರಟುಹೋದ. ಇಷ್ಟಾಗುವಾಗ ಅವನ ಮಾತು ಒಂದು ಸಲವೂ ತುಂಡಾಗಲಿಲ್ಲ.

ಕಂಬದ ಮರೆಯಲ್ಲಿ ನಿಂತಿದ್ದ ಹಾತೆಮ್‌ನನ್ನು ನೋಯಿಸಿದ್ದು ಅದೇ. ಕನಿಷ್ಠ ಫೋನನ್ನಾದರೂ ಕೆಳಗಿಳಿಸಬಹುದಿತ್ತು.

ಆ ರೊಟ್ಟಿ ಹಾತೆಮ್‌ನ ಕಲಾಕೃತಿಯಾಗಿತ್ತು. ಅಂದರೆ, ಕಲಾಕೃತಿಯ ಒಂದು ಅಂಶ. ಸ್ಫಾಕ್ಸ್ ನಗರದ ಯುವ ಕಲಾವಿದರ ಪ್ರದರ್ಶನದಲ್ಲಿ ತನಗೆ ಸಿಕ್ಕಿದ್ದ ಕೋಣೆಯ ಬಿಳಿ ನೆಲದ ತುಂಬ ಅವನು ದುಂಡನೆಯ ತಬೂನಾ ರೊಟ್ಟಿಗಳನ್ನು ಹರಡಿದ್ದ. ಒಳಗೆ ಬಂದವರು ಹೆಜ್ಜೆ ಹೆಜ್ಜೆಗೂ ಕಾಲಿಡಲು ಜಾಗ ಹುಡುಕಬೇಕು, ತಡವರಿಸಬೇಕು, ಬೆವರಬೇಕು. ಗೋಡೆಯ ಮೇಲಿನ ಚೀಟಿಯಲ್ಲಿ ಕೃತಿಯ ಹೆಸರು 'ಪತನ' ಎಂದಿತ್ತು. ಅದರ ಕೆಳಗೆ, ಸಾಮಗ್ರಿ: ಗೋಧಿ, ನೆಲ, ನೋಡುಗ. ನೋಡುಗನನ್ನು ಸಾಮಗ್ರಿಯ ಸಾಲಿಗೆ ಸೇರಿಸುವ ಉಪಾಯ ಹೊಳೆದ ದಿನ ಅವನಿಗೆ ಖುಷಿಗೆ ಊಟ ಸೇರಿರಲಿಲ್ಲ.

ರಂಪವಾಗುತ್ತದೆ ಎಂದು ಎಣಿಸಿದ್ದ. ರೊಟ್ಟಿಯನ್ನು ನೆಲಕ್ಕೆ ಹಾಕಿದ ಪಾಪಿ ಯಾರು ಎಂದು ಒಬ್ಬರಾದರೂ ಕೂಗಾಡಬೇಕಿತ್ತು. ಕೂಗಾಡಿದರೆ ಏನು ಉತ್ತರ ಕೊಡಬೇಕು, ಯಾವ ಮಾತಿಗೆ ಎಷ್ಟು ನಗಬೇಕು ಎಂಬುದನ್ನೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದ. ಯಾರೂ ಕೂಗಾಡಲಿಲ್ಲ. ಯಾರೋ ಪಾಪ ಬೀಳಿಸಿಕೊಂಡು ಹೋಗಿದ್ದಾರೆ ಎಂದುಕೊಂಡು, ಬಂದವರೆಲ್ಲ ಒಂದೊಂದಾಗಿ ಎತ್ತಿಡುತ್ತಿದ್ದರು. ಕೋಣೆ ಖಾಲಿಯಾದಾಗ ಅವನು ಕಂಬದ ಮರೆಯಿಂದ ಬಂದು, ಕಟ್ಟೆಯ ಮೇಲಿನ ರೊಟ್ಟಿಗಳನ್ನು ಮತ್ತೆ ನೆಲಕ್ಕಿಳಿಸುತ್ತಿದ್ದ, ಕಳ್ಳನ ಹಾಗೆ.

ಕಳ್ಳತನ ಬೆಳಿಗ್ಗೆಯೇ ಶುರುವಾಗಿತ್ತು. ಮೊದಲ ರೊಟ್ಟಿಯನ್ನು ನೆಲಕ್ಕಿಡುವ ಮುಂಚೆ ಅವನ ಕೈ ತಾನಾಗಿಯೇ ತುಟಿಯ ಕಡೆ ಹೋಗಿತ್ತು. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದ. ಪ್ಯಾರಿಸ್ಸಿನ ಪತ್ರಿಕೆಗಳನ್ನು ತರಿಸಿ ಓದುವವನು ರೊಟ್ಟಿಗೆ ಮುತ್ತಿಡುವುದೇ? ಉಳಿದವನ್ನು ಬೇಕೆಂದೇ ಧಸಕ್ಕನೆ ಇಟ್ಟಿದ್ದ.

ಇದು ಅವನ ಕೊನೆಯ ಅವಕಾಶ. ಮೂವತ್ತೈದು ತುಂಬಿದವರು ಯುವ ಕಲಾವಿದರಲ್ಲ ಎಂದು ಪ್ರದರ್ಶನದ ನಿಯಮ ಹೇಳುತ್ತಿತ್ತು, ಹಾತೆಮ್‌ಗೆ ಬರುವ ತಿಂಗಳು ತುಂಬುತ್ತಿತ್ತು. ಸಂಜೆ ರಾಜಧಾನಿಯಿಂದ ಮದಾಮ್ ಕ್ಮಾರ್ ಬರುವವಳಿದ್ದಳು. ಇಲ್ಲಿಂದ ಒಬ್ಬರನ್ನು ಆರಿಸಿ, ಟ್ಯೂನಿಸ್ಸಿನ ತನ್ನ ಗ್ಯಾಲರಿಯಲ್ಲಿ ಅವರೊಬ್ಬರದೇ ಪ್ರದರ್ಶನ ಏರ್ಪಡಿಸುತ್ತಾಳೆ. ಅವಳು ಆರಿಸಿದರೆ ಹಾತೆಮ್ ಕಲಾವಿದ. ಇಲ್ಲವಾದರೆ ಸೋಮವಾರದಿಂದ ಮತ್ತೆ ಶಾಲೆ, ಮತ್ತೆ ಹುಡುಗರ ಕೈಯಲ್ಲಿ ಹೂಜಿಯ ಚಿತ್ರ ಬರೆಸುವುದು. ಹಿಂದಿನ ಪ್ರದರ್ಶನಗಳಲ್ಲೆಲ್ಲ ಅವನ ಚಿತ್ರಗಳ ಮುಂದೆ ಜನ ಶೌಚಾಲಯದ ದಾರಿ ಕೇಳಲು ಮಾತ್ರ ನಿಂತಿದ್ದರು.

ಪಕ್ಕದ ಕೋಣೆಯಿಂದ ನಗು ಕೇಳಿಸಿತು. ಅಲ್ಲಿ ಸಿಹೆಮ್ ಎಂಬ ಹುಡುಗಿ, ಕಾಲೇಜು ಬಿಟ್ಟು ವರ್ಷವೂ ಆಗಿಲ್ಲ, ಬಟ್ಟೆ ಒಗೆಯುವ ಯಂತ್ರದೊಳಗೆ ಸಮುದ್ರದ ನೀರು ತುಂಬಿ ತಿರುಗಿಸುತ್ತಿದ್ದಳು. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಯಂತ್ರ ಎಷ್ಟು ಕಿಲೋದ್ದು ಎಂದು ಕೇಳಿದ. ಇನ್ನೊಬ್ಬ, ಉಪ್ಪುನೀರು ಹಾಕಿದರೆ ಒಂದು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ ನೋಡಮ್ಮ ಎಂದು ಕಳಕಳಿಯಿಂದ ಎಚ್ಚರಿಸಿದ. ಸಿಹೆಮ್ ಎಲ್ಲರಿಗೂ ನಗುತ್ತ ಉತ್ತರ ಕೊಡುತ್ತಿದ್ದಳು. ಇದು ಕಲೆಯಲ್ಲ, ಜಾತ್ರೆ, ಎಂದುಕೊಂಡ ಹಾತೆಮ್. ಹಾಗೆಂದುಕೊಳ್ಳಲು ಬೆಳಗಿನಿಂದ ಆಗಾಗ ಹೋಗಿ ನೋಡಿ ಬಂದಿದ್ದ.

ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ಡೊರ್ರಾ ಬಂದಳು. ಕಲಾಶಾಲೆಯಲ್ಲಿ ಇಬ್ಬರೂ ಒಂದೇ ತರಗತಿ. ಕಟ್ಟೆಯನ್ನು ನೋಡಿದಳು, ನೆಲವನ್ನು ನೋಡಿದಳು.

"ಒಂದು ಹಗ್ಗ ಕಟ್ಸಿಬಿಡ್ಲಾ?"

"ಹಗ್ಗ ಕಟ್ಟಿದ್ರೆ ನೋಡುಗ ಹೊರಗುಳೀತಾನೆ ಡೊರ್ರಾ. ಕೃತಿ ಅರ್ಧ ಸತ್ತ ಹಾಗೆ."

"ಒಳಗೆ ಬಂದು ಏನ್ ಮಾಡ್ತಿದಾನೆ ಅಂತ ನೋಡಿದ್ಯಲ್ಲ."

ಕೊನೆಗೆ 'ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ ಬಂತು. ಫಲಕದ ನಂತರ ಮೊದಲು ಬಂದದ್ದು ಒಂದು ಜೋಡಿ. ಹೆಂಡತಿ ಗಟ್ಟಿಯಾಗಿ ಓದಿ ಹೇಳಿದಳು. ಗಂಡ ಕೇಳಿಸಿಕೊಳ್ಳುತ್ತಲೇ ಒಂದು ರೊಟ್ಟಿಯನ್ನು ಎತ್ತಿ ಕಟ್ಟೆಗಿಟ್ಟ. ಅದು ಗೋಡೆ ಮೇಲಿರೋದಕ್ಕೆ ಹೇಳಿರೋದು, ಎಂದ. ಗೋಡೆಯ ಮೇಲೆ ಚೀಟಿಯ ಹೊರತು ಏನೂ ಇರಲಿಲ್ಲ. ಇಬ್ಬರೂ ಚೀಟಿಯನ್ನು ಮುಟ್ಟದೆ ಹೋದರು.

ಆಮೇಲೆ ಗಡ್ಡದ ಹುಡುಗನೊಬ್ಬ ಗೆಳತಿಯ ಜೊತೆ ಬಂದ. ಬಂದವನೇ ಹೊಸ್ತಿಲಲ್ಲಿ ನಿಂತ. ಚೀಟಿ ಓದಿದ. ಅವನ ಕಣ್ಣು ಅರಳಿತು. ಇದು ಹಸಿವಿನ ಕುರಿತದ್ದು, ಮಾರುಕಟ್ಟೆಯ ಕುರಿತದ್ದು, ನಮ್ಮ ಭಕ್ತಿಯನ್ನೇ ಸಂಕೋಲೆ ಮಾಡಿಕೊಂಡಿರುವ ಅಧಿಕಾರದ ಕುರಿತದ್ದು ಎಂದು ಗೆಳತಿಗೆ ವಿವರಿಸತೊಡಗಿದ. ಹಾತೆಮ್‌ಗೂ ಹೊಳೆಯದಿದ್ದ ಅರ್ಥಗಳು ಒಂದರ ಹಿಂದೊಂದು ಬಂದವು. ಕಂಬದ ಹಿಂದೆ ಅವನ ಎದೆ ಉಬ್ಬಿತು, ಕಣ್ಣು ಒದ್ದೆಯಾಯಿತು. ಬದುಕಿನಲ್ಲಿ ಒಬ್ಬ ಸಿಕ್ಕ. ಹೊರಬಂದು ಅವನ ಕೈ ಕುಲುಕಬೇಕೆಂದು ಒಂದು ಕಾಲು ಮುಂದಿಟ್ಟ. ಅಷ್ಟರಲ್ಲಿ ಆ ಹುಡುಗ, ವಾಕ್ಯದ ನಡುವೆಯೇ, ಕಾಲ ಬಳಿಯಿದ್ದ ರೊಟ್ಟಿಯನ್ನು ಎತ್ತಿ, ಮುತ್ತಿಟ್ಟು, ಕಟ್ಟೆಗಿರಿಸಿ, ಅಧಿಕಾರದ ಮಾತನ್ನು ಮುಗಿಸಿದ.

ಹಾತೆಮ್ ಕಾಲನ್ನು ಹಿಂದಕ್ಕೆಳೆದುಕೊಂಡ.

ಮದಾಮ್ ಕ್ಮಾರ್‌ಳ ಕಾರು ಹೊರಗೆ ಬಂದು ನಿಂತಿದೆಯೆಂದು ಯಾರೋ ಹೇಳಿಕೊಂಡು ಹೋದರು. ಅವಳು ಕೆಳಗಿನ ಅಂತಸ್ತಿನಿಂದ ನೋಡುತ್ತ ಬರಬೇಕು. ಸಮಯವಿತ್ತು. ಹಾತೆಮ್ ಕಟ್ಟೆಯಿಂದ ರೊಟ್ಟಿಗಳನ್ನು ಬಾಚಿ ತಬ್ಬಿಕೊಂಡು, ಮಂಡಿಯೂರಿ, ಲಗುಬಗೆಯಿಂದ ಹರಡತೊಡಗಿದ. ಎಲ್ಲ ಹರಡಿ, ಕೊನೆಯದೊಂದು ಕೈಯಲ್ಲಿ ಉಳಿದಿದ್ದಾಗ ಬೆನ್ನ ಹಿಂದೆ ಯಾರದೋ ಉಸಿರು ಕೇಳಿಸಿತು.

ಬಿಳಿಯ ಸಫ್ಸಾರಿ ಹೊದ್ದ ಒಬ್ಬ ಮುದುಕಿ. ಮೊಮ್ಮಗಳ ಚಿತ್ರ ಕೆಳಗಿನ ಅಂತಸ್ತಿನಲ್ಲಿ ಎಲ್ಲೋ ಇದೆಯಂತೆ, ದಾರಿ ತಪ್ಪಿ ಇಲ್ಲಿಗೆ ಹತ್ತಿ ಬಂದಿದ್ದಳು. ಅವನ ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಿದ್ದಳು.

"ಏನ್ ಮಾಡ್ತಿದೀಯ ಮಗಾ?"

ಸಿಟ್ಟಿರಲಿಲ್ಲ. ಬರೀ ಕೇಳಿದಳು. ಬೆಳಗಿನಿಂದ ಹಾತೆಮ್ ಕಾದದ್ದು ಈ ಪ್ರಶ್ನೆಗೇ. ಕನ್ನಡಿಯ ಮುಂದೆ ಸಿದ್ಧಪಡಿಸಿದ್ದ ವಾಕ್ಯಗಳೆಲ್ಲ ಗಂಟಲಿನಲ್ಲೇ ಇದ್ದವು. ಇದನ್ನು ಇಲ್ಲಿಟ್ಟವನು ನಾನು, ಬೇಕೆಂದೇ ಇಟ್ಟೆ. ಇಷ್ಟು ಹೇಳಿದರೆ ಸಾಕಿತ್ತು, ಅವನು ಕಲಾವಿದನಾಗುತ್ತಿದ್ದ.

"ಎತ್ತಿಡ್ತಾ ಇದೀನಿ ಖಾಲ್ತಿ," ಎಂದ, ಚಿಕ್ಕಮ್ಮನನ್ನು ಕರೆಯುವ ಹಾಗೆ. "ಯಾರೋ ಚೆಲ್ಲಿ ಹೋಗಿದಾರೆ."

ಮಾತಿಗೆ ಸಾಕ್ಷಿ ಬೇಕಲ್ಲ, ರೊಟ್ಟಿಯನ್ನು ತುಟಿಗೆ ಮುಟ್ಟಿಸಿದ, ಹಣೆಗೊತ್ತಿಕೊಂಡ, ಕಟ್ಟೆಯ ಮೇಲಿಟ್ಟ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಸುಳ್ಳು ಹೇಳಿದ್ದಕ್ಕೋ, ಆ ಮುತ್ತಿನಲ್ಲಿ ಸುಳ್ಳಿರಲಿಲ್ಲ ಎನ್ನುವುದಕ್ಕೋ, ಅವನಿಗೇ ತಿಳಿಯಲಿಲ್ಲ.

ಮುದುಕಿಯ ಮುಖ ಬೆಳಗಿತು. ನಿನ್ನ ಹೆತ್ತವಳ ಹೊಟ್ಟೆ ತಣ್ಣಗಿರಲಿ ಎಂದಳು. ಈ ಕಾಲದಲ್ಲಿ ಯಾರು ಬಗ್ಗುತ್ತಾರೆ ಎಂದಳು. ತನಗೆ ಮಂಡಿ ನೋವು, ಬಗ್ಗಲಾಗುವುದಿಲ್ಲ, ಅವನು ಎತ್ತಿ ಕೊಟ್ಟರೆ ತಾನು ಜೋಡಿಸಿಡುತ್ತೇನೆ ಎಂದಳು.

ಹಾತೆಮ್ ಬಾಗಿಲ ಕಡೆ ನೋಡಿದ. ಮೆಟ್ಟಿಲ ಮೇಲೆ ಇನ್ನೂ ಯಾರ ಸದ್ದೂ ಇರಲಿಲ್ಲ.

ಎತ್ತಿ ಕೊಟ್ಟ. ಅವಳು ಮುತ್ತಿಟ್ಟು ಜೋಡಿಸಿದಳು. ಇನ್ನೊಂದು ಕೊಟ್ಟ. ಅವನು ಮುತ್ತಿಡುವುದನ್ನು ಮರೆತರೆ ಅವಳು ಕೈಚಾಚದೆ ಕಾಯುತ್ತಿದ್ದಳು, ಆಗ ಮುತ್ತಿಡುತ್ತಿದ್ದ. ಕೆಲಸ ಮಾಡುತ್ತ ಅವಳ ಬಾಯಿ ಸುಮ್ಮನಿರಲಿಲ್ಲ. ಇಷ್ಟು ಗಟ್ಟಿಯಾದ ರೊಟ್ಟಿ ಲಬ್ಲಾಬಿಗೆ ಹೇಳಿ ಮಾಡಿಸಿದ್ದು, ಬಿಸಿ ಕಡಲೆಸಾರಿಗೆ ಮುರಿದು ಹಾಕಿ ಮೇಲೊಂದು ಮೊಟ್ಟೆ ಒಡೆದರೆ ಆಯಿತು. ಅದಕ್ಕೂ ಆಗದಿದ್ದರೆ ತಂಗಿಯ ಮನೆಯಲ್ಲಿ ಹಬ್ಬಕ್ಕೆಂದು ಸಾಕಿದ ಕುರಿಯಿದೆ, ಅದು ತಿನ್ನುತ್ತದೆ. ಹಾತೆಮ್ ಹೂಂಗುಟ್ಟುತ್ತ ತೆವಳಿದ. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ಲಬ್ಲಾಬಿಯ ಮಾತಿಗೆ ಬಾಯಲ್ಲಿ ನೀರೂರಿತು, ಅದೂ ಒಂದು ಅವಮಾನ.

"ಹೊಟ್ಟೆಗೇನಾದ್ರೂ ತಿಂದ್ಯಾ? ಮುಖ ಬಾಡಿದೆ," ಎಂದಳು ಮುದುಕಿ.

"ತಿಂದೆ."

"ನೀನೂ ಚಿತ್ರಗಿತ್ರ ಬರೀತೀಯಾ?"

"ಇಲ್ಲ ಖಾಲ್ತಿ. ಸುಮ್ನೆ ನೋಡೋಕೆ ಬಂದೆ."

ಅವಳು ಹೋಗುವಾಗ ಕಟ್ಟೆಯ ಮೇಲೆ ರೊಟ್ಟಿಗಳು ಅಂಗಡಿಯಲ್ಲಿ ಇಟ್ಟಂತೆ ಓರಣವಾಗಿ ಕೂತಿದ್ದವು. ಬಾಗಿಲ ಹತ್ತಿರ ಒಂದೇ ಒಂದು ಉಳಿದಿತ್ತು, ಮುದುಕಿಯ ಮಂದ ಕಣ್ಣಿಗೆ ಬಿದ್ದಿರಲಿಲ್ಲ. ಹಾತೆಮ್ ನೋಡಿಯೂ ಬಿಟ್ಟಿದ್ದ. ಒಂದು ಇದ್ದರೂ ಇದ್ದಂತೆ. ಒಂದೇ ಇದ್ದರೆ ಇನ್ನೂ ತೀಕ್ಷ್ಣ. ಅದೇ ಸರಿಯಾದ ರೂಪ, ಮೊದಲೇ ಹೊಳೆಯಬೇಕಿತ್ತು, ಎಂದು ಅವನು ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಎತ್ತರದ ಹಿಮ್ಮಡಿಗಳ ಸದ್ದಾಯಿತು.

ಮದಾಮ್ ಕ್ಮಾರ್ ಡೊರ್ರಾಳ ಜೊತೆ ಒಳಗೆ ಬಂದಳು. ಕೊರಳಲ್ಲಿ ದೊಡ್ಡ ದೊಡ್ಡ ಹವಳ, ಮೂಗಿನ ತುದಿಯಲ್ಲಿ ಕನ್ನಡಕ. ಈ ಊರಿನ ಬೆಳಕು ಬಹಳ ಗಡುಸು ಎಂದು ದೂರುತ್ತಿದ್ದಳು. ಕಾಲ ಬಳಿ ರೊಟ್ಟಿ ಕಂಡಿತು. ಹವಳದ ಸರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಗ್ಗಿದಳು, ಎತ್ತಿದಳು, ತುಟಿಗೆ ಮುಟ್ಟಿಸಿದಳು. ಕಟ್ಟೆಯ ಮೇಲೆ ಉಳಿದವುಗಳ ಸಾಲಿಗೆ ಅದನ್ನೂ ಸೇರಿಸಿದಳು.

"ಇಲ್ಲಿ ಇನ್ನೂ ಏನೂ ಬಂದಿಲ್ವಾ?" ಎಂದು ಖಾಲಿ ನೆಲವನ್ನು ನೋಡಿ ಕೇಳಿದಳು.

ಡೊರ್ರಾ ಹಾತೆಮ್‌ನ ಕಡೆ ನೋಡಿದಳು. ಹಾತೆಮ್ ಕಿಟಕಿಯ ಕಡೆ ನೋಡಿದ.

"ಇಲ್ಲ ಮದಾಮ್," ಎಂದಳು ಡೊರ್ರಾ ಮೆತ್ತಗೆ. "ಬನ್ನಿ, ಪಕ್ಕದ ಕೋಣೆ ನೋಡೋಣ."

ಸ್ವಲ್ಪ ಹೊತ್ತಿಗೆ ಯಂತ್ರ ಗಡಗಡಿಸಿತು. ಆಮೇಲೆ ಚಪ್ಪಾಳೆ.

ಹಾತೆಮ್ ಕೋಣೆಯ ನಡುವೆ, ಬಿಳಿ ನೆಲದ ಮೇಲೆ ಕುಸಿದು ಕೂತ. ಚಪ್ಪಾಳೆ ಮುಗಿದ ಮೇಲೆ ಹಾಗೇ ಅಂಗಾತ ಮಲಗಿದ. ನೆಲ ತಣ್ಣಗಿತ್ತು, ಹಿತವಾಗಿತ್ತು. ಜನ ಬಂದರು. ಬಾಗಿಲಲ್ಲೇ ತಡೆದು ನಿಂತರು. ಚೀಟಿಯನ್ನು ಓದಿದರು, ಅವನನ್ನು ನೋಡಿದರು, ತಲೆದೂಗಿದರು. ಗೋಧಿ ಎಲ್ಲಿ ಎಂದು ಒಬ್ಬಳು ಪಿಸುಗುಟ್ಟಿದಳು. ಅವನ ಬಟ್ಟೆ ಗೋಧಿಬಣ್ಣ ನೋಡೇ, ಎಂದಳು ಇನ್ನೊಬ್ಬಳು. ಯಾರೋ ಫೋಟೋ ತೆಗೆದರು. ಎಲ್ಲರೂ ಅವನಿಗೆ ಕಾಲು ತಾಗದ ಹಾಗೆ, ಜಾಗ ಹುಡುಕಿ ಹುಡುಕಿ ಹೆಜ್ಜೆಯಿಟ್ಟು ದಾಟಿದರು. ಫಲಕವನ್ನು ಎಲ್ಲರೂ ಪಾಲಿಸಿದರು.

ಬೂದುಬಣ್ಣದ ಸೂಟಿನವನು ಮರಳಿ ಹೋಗುವ ದಾರಿಯಲ್ಲಿ ಇಣುಕಿದ. ಪೀಪಾಯಿಗಳ ಮಾತು ಇನ್ನೂ ಮುಗಿದಿರಲಿಲ್ಲ. ಒಳಗೆ ಬಂದ. ಹಾತೆಮ್‌ನ ಪಕ್ಕದಲ್ಲಿ ನಿಂತ, ಕೆಳಗೆ ನೋಡಿದ. ಅವನ ಮಾತು ತಟ್ಟನೆ ನಿಂತಿತು. ಫೋನನ್ನು ಕಿವಿಯಿಂದ ಇಳಿಸಿ, ಮೆಲ್ಲಗೆ ಬಗ್ಗಿದ.

ಹಾತೆಮ್ ಕೈ ಚಾಚಿದ.

ಆ ಮನುಷ್ಯ ಅವನ ಮೊಣಕೈಯ ಬಳಿ ಬಿದ್ದಿದ್ದ ರೊಟ್ಟಿಯ ಚೂರೊಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡ, ಮುತ್ತಿಟ್ಟ, ಚಾಚಿದ ಕೈಯನ್ನು ಜೋಪಾನವಾಗಿ ದಾಟಿಕೊಂಡು ಕಿಟಕಿಯ ಹತ್ತಿರ ಹೋದ.