ಎಂಟನೆಯ ಪುಸ್ತಕದ ಬೆನ್ನು

ಹಜೀರಾಬೀ ಇಟ್ಟ ಚಹಾವನ್ನು ದಾವಣಗೆರೆಯ ಗ್ರಂಥಾಲಯದ ಜವಾನ ಕರಿಬಸವರಾಜ ಮುಟ್ಟಲಿಲ್ಲ. ಯುದ್ಧ ಶುರುವಾಗಿ ಹತ್ತು ದಿನವಾಗಿತ್ತು. ದಂಡಯಾತ್ರೆಗಳ ನಕಾಶೆಯಿರುವ ಪುಸ್ತಕಗಳನ್ನು ಪೊಲೀಸರು ಸ್ಟೇಷನ್ನಿಗೆ ತರಿಸಿಕೊಂಡಿದ್ದರು. ಒಂದರ ಬೆನ್ನು ಕಿತ್ತಾಗ ಒಳಗೆ ಉರ್ದು ಅಕ್ಷರ ಕಂಡಿತಂತೆ.

"ಹಳೇ ಪೇಪರ್ ಅದು. ಬೆನ್ನು ಗಟ್ಟಿಯಾಗ್ಲಿ ಅಂತ ಹಾಕಿದ್ದು," ಎಂದ ಅವಳ ಗಂಡ ಕುತುಬುದ್ದೀನ್, ಹೊಲಿಗೆಯಿಂದ ಕಣ್ಣೆತ್ತದೆ. ಗ್ರಂಥಾಲಯದ ಬೈಂಡಿಂಗೆಲ್ಲ ಅವನದೇ.

"ನಂಗೊತ್ತೈತೆ ಸಾಬ್ರೆ. ಅವರಿಗೆ ಗೊತ್ತಾಗ್ಬೇಕಲ್ಲ. ಎಂಟರಾಗೆ ಏಳು ಅಲ್ಲೇ ಅದಾವೆ, ಇನ್ನೊಂದು ಹರಿಹರದ ಸುಬೇದಾರ್ರ ಹತ್ರ ಐತೆ. ನಾಳೆ ಎಲ್ಲಾನೂ ಬಿಚ್ಚತಾರಂತೆ."

ಎಂಟನ್ನೂ ಗ್ರಂಥಾಲಯಕ್ಕೆ ತರಿಸಿದವರು ನಿವೃತ್ತ ಸುಬೇದಾರ್ ಉಜ್ಜನಪ್ಪ. ಗ್ರಂಥಾಲಯದ ಸಲಹೆ ಪುಸ್ತಕದಲ್ಲಿ, ಕಾಲೇಜು ಹುಡುಗರು ಓದಲೇಬೇಕಾದವು ಎಂದು ಪಟ್ಟಿ ಬರೆದು, ಒಂದೊಂದರ ಮುಂದೆ ಒಂದು ಮಾತು ಸೇರಿಸಿದ್ದರು. ಇದರ ನಕಾಶೆ ನಂಬಬಹುದು. ಇದು ಗೆದ್ದವರ ಜಂಬ. ಬರ್ಮಾದ ಕಾಳಗದ ಎಂಟನೆಯದಕ್ಕೆ: ಸೋತವನು ಬರೆದದ್ದು, ಮೊದಲು ಇದನ್ನು ಓದಿ.

ಆ ಎಂಟನೆಯದರಲ್ಲಿ ಹಳೇ ಪೇಪರ್ ಇರಲಿಲ್ಲ. ದೇವರ ಹೆಸರಿರುವ ಕಾಗದ ಕಾಲಡಿ ಬೀಳಬಾರದೆಂದು ಬೈಂಡಿನ ಬೆನ್ನೊಳಗೆ ಅಂಟಿಸಿಬಿಡುವುದು ಕುತುಬುದ್ದೀನನ ಮನೆಯ ರೂಢಿ. ಹೋದ ವರ್ಷ ಕರಾಚಿಯಲ್ಲಿ ತನ್ನ ಅಣ್ಣ ತೀರಿಕೊಂಡ ಮೇಲೆ, ದೇವರ ಹೆಸರಿನಿಂದಲೇ ಶುರುವಾಗುವ ಅವನ ಪತ್ರಗಳನ್ನು ಹಜೀರಾಬೀ ತಾನೇ ಅದರೊಳಗಿಟ್ಟು ಅಂಟಿಸಿದ್ದಳು. ಗಂಡನಿಗೆ ಹೇಳಿರಲಿಲ್ಲ.

ತಂಗಿಯ ಮನೆಗೆಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹರಿಹರಕ್ಕೆ ಹೋದಳು. ಸುಬೇದಾರರು ಪಡಸಾಲೆಯಲ್ಲಿ ಆ ಪುಸ್ತಕವನ್ನೇ ಓದುತ್ತಿದ್ದರು. ಬೆನ್ನು ಸಡಿಲವಾಗಿರಬೇಕು, ಕೊಟ್ಟರೆ ಗಟ್ಟಿ ಮಾಡಿ ನಾವೇ ಸ್ಟೇಷನ್ನಿಗೆ ಮುಟ್ಟಿಸುತ್ತೇವೆ ಎಂದಳು.

ಅವರು ಪುಸ್ತಕವನ್ನು ತಿರುಗಿಸಿ ನೋಡಿದರು. "ಎಲ್ಲಿ ಸಡಿಲ ತಂಗಿ? ಕಲ್ಲಿನಂಗೈತೆ. ನಿಮ್ಮ ಸಾಬರ ಮ್ಯಾಲೆ ಜನ ಏನೇನೋ ಆಡ್ತಾರಂತ ನಾನೂ ಕೇಳೀನಿ. ಪಟ್ಟಿ ಬರ್ದೋನು ನಾನು. ಇದನ್ನ ನಾನೇ ಒಯ್ದು ಇನ್ಸ್‌ಪೆಕ್ಟರ್ ಮುಂದೆ ಬಿಚ್ಚಿ ತೋರಿಸ್ತೀನಿ. ಆಮ್ಯಾಲೆ ಯಾರೂ ಬಾಯಿ ತೆಗಿಯಂಗಿಲ್ಲ."

"ಬ್ಯಾಡ್ರಿ."

"ಯಾಕ?"

ಅವರ ಹಿಂದೆ ಗೋಡೆಯಲ್ಲಿ ಸಮವಸ್ತ್ರದ ಮಗನ ಪಟವಿತ್ತು. ಗಡಿಯಲ್ಲಿದ್ದ ಅವನಿಂದ ಹತ್ತು ದಿನದಿಂದ ಕಾಗದ ಬಂದಿರಲಿಲ್ಲವೆಂದು ಬಂದೊಡನೆಯೇ ಅವರ ಹೆಂಡತಿ ಹೇಳಿದ್ದರು. ಹಜೀರಾಬೀ ತನ್ನ ಉಗುರುಗಳನ್ನು ನೋಡಿಕೊಂಡಳು. ಹುಳ ಹಿಡಿಯದಂತೆ ಅಂಟಿಗೆ ಬೆರೆಸುವ ಮೈಲುತುತ್ತದ ನೀಲಿ ಅಂಚಿನಲ್ಲಿ ಉಳಿದಿತ್ತು.

"ನಿಮಗ್ಯಾಕೆ ತ್ರಾಸು ಅಂತ," ಎಂದಳು.

"ತ್ರಾಸೇನು ಬಂತು," ಎಂದು ಅವರು ಕೋಟು ತೊಟ್ಟರು.

ಇಬ್ಬರಿಗೂ ಒಂದೇ ಬಸ್ಸು ಸಿಕ್ಕಿತು. ಅವಳು ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು. ಡ್ರೈವರನ ಕನ್ನಡಿಯಲ್ಲಿ ಸುಬೇದಾರರ ತೊಡೆ, ತೊಡೆಯ ಮೇಲಿನ ಪುಸ್ತಕ ಕಾಣುತ್ತಿತ್ತು. ಮಗುವಿನ ಬೆನ್ನು ಸವರುವಂತೆ ಅವರ ಹೆಬ್ಬೆರಳು ಅದರ ಬೆನ್ನ ಮೇಲೆ ಮೆಲ್ಲಗೆ ಆಡುತ್ತಿತ್ತು. ದೂರದಲ್ಲಿ ದಾವಣಗೆರೆಯ ಗಿರಣಿಯ ಚಿಮಣಿಗಳು ಕಂಡವು.